ಮುಂದಿನ ಗಾಜು

ಚಿಮಟದ ತುದಿಯಿಂದ ಹಿಡಿಕೆ ಸಿಡಿಯಿತು.

ಎಲ್ಲಿ ಬಿತ್ತೆಂದು ಕಾಣಲಿಲ್ಲ. ಸದ್ದೂ ಆಗಲಿಲ್ಲ, ಜೀರಿಗೆ ಕಾಳಿಗಿಂತ ಸಣ್ಣದೊಂದು ತಂತಿಯ ತುಂಡು ಬಿದ್ದದ್ದಕ್ಕೆ ಸದ್ದು ಮಾಡಲು ನೆಲಕ್ಕಾದರೂ ಏನು ದರ್ದು? ಅವನು ಉಸಿರು ಬಿಡದೆ ಹಾಗೆಯೇ ಕೂತ. ಆಮೇಲೆ ಮೆಲ್ಲಗೆ ಕುರ್ಚಿಯಿಂದಿಳಿದು, ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ ನೋಡಿದ. ಹಾಗೆ ನೋಡಿದರೆ ವಸ್ತು ಕಾಣದಿದ್ದರೂ ಅದರ ನೆರಳು ಕಾಣುತ್ತದೆ. ಅವನೇ ಕಂಡುಕೊಂಡ ಉಪಾಯ.

ಕಂಡದ್ದು ಹೆಂಡತಿಯ ಪಾದಗಳು. ಅವುಗಳಾಚೆ, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು.

“ದೇವರಿಗೆ ಅಡ್ಡಬಿದ್ದಿದೀರೋ, ಇಲ್ಲಾ ಏನಾದ್ರೂ ಕಳ್ಕೊಂಡಿರೋ?”

“ಅಲ್ಲೇ ನಿಂತಿರು. ಕಾಲು ಎತ್ತಬೇಡ.”

“ಏನು ಬಿತ್ತು?”

“ಹಿಂದಿನ ಬಾಗಿಲಿನ ಹಿಡಿಕೆ.”

ಅವಳು ನಿಂತಳು. ಇಂಥ ಮಾತುಗಳಿಗೆಲ್ಲ ಅವಳು ಒಗ್ಗಿಹೋಗಿದ್ದಳು. ಕಾಲು ಎತ್ತಬೇಡ. ಫ್ಯಾನು ಹಾಕಬೇಡ. ಕಿಟಕಿ ತೆಗೆಯಬೇಡ, ಬಣ್ಣ ಒಣಗುತ್ತಿದೆ. ಮನೆಯಲ್ಲಿ ಹಸುಗೂಸು ಮಲಗಿದ್ದರೆ ಹೇಗೋ ಹಾಗೆ ಎಷ್ಟೋ ಕಾಲದಿಂದ ಅವರಿಬ್ಬರೂ ಆ ಕೋಣೆಯಲ್ಲಿ ಮೆಲ್ಲಗೆ ನಡೆಯುತ್ತಿದ್ದರು. ಕೂಸು ಮಾತ್ರ ಇರಲಿಲ್ಲ.

ಮೇಜಿನ ಮೇಲೆ ಕಾರು ನಿಂತಿತ್ತು. ಗೇಣುದ್ದದ ಕಪ್ಪು ಕಾರು; ಗುಂಡು ದೀಪಗಳು, ಉಬ್ಬಿದ ಮಡ್‌ಗಾರ್ಡುಗಳು, ಹಿರಿಯರ ಮೂಗಿನಂತೆ ಮುಂದಕ್ಕೆ ಚಾಚಿದ ಬಾನೆಟ್ಟು. ಅಂಗಡಿಯಲ್ಲಿ ಸಿಗುವ ಒಂದು ಬಿಡಿಭಾಗವೂ ಅದರಲ್ಲಿರಕೂಡದು ಎಂಬುದು ಅವನ ವ್ರತ. ಮೈಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಬಾಗಿಸಿದ್ದ. ದೀಪದ ಗಾಜುಗಳು ಮಾತ್ರೆಯ ಪಟ್ಟಿಯ ಗುಳ್ಳೆಗಳು. ಸೀಟುಗಳು ಅವಳ ಹಳೆಯ ಕೈಚೀಲದ ತೊಗಲು. ಮುಂದಿನ ಜಾಲರಿಗಾಗಿ ಚಹಾ ಸೋಸುವ ಜರಡಿಯನ್ನು ಬಲಿಕೊಟ್ಟಿದ್ದ. ಹೊಸ ಜರಡಿ ಬರುವವರೆಗೆ ಅವಳು ಬಟ್ಟೆಯಲ್ಲಿ ಸೋಸಿ ಕೊಟ್ಟಿದ್ದಳು. ಹಳೆಯದು ಎಲ್ಲಿ ಹೋಯಿತೆಂದು ಕೇಳಿರಲಿಲ್ಲ.

ಮದುವೆಯ ಮಾರನೆಯ ದಿನ ಅವಳನ್ನು ಈ ಊರಿಗೆ ಕರೆತಂದ ಬಾಡಿಗೆ ಕಾರು ಅದು. ದಾರಿಯಲ್ಲಿ ಕೆಟ್ಟು ನಿಂತಿತ್ತು. ನಿಂತಾಗ ತೆಗೆದ ಒಂದೇ ಒಂದು ಫೋಟೋ ಅವನ ಬಳಿಯಿತ್ತು. ಅದರ ಮೇಲೆ ಅಡ್ಡಪಟ್ಟಿಯಿಟ್ಟು, ಅಳೆದು, ಭಾಗಿಸಿ, ಇಷ್ಟನ್ನು ಎಬ್ಬಿಸಿದ್ದ. ಉಳಿದದ್ದು ಎರಡೇ ಕೆಲಸ. ಮುಂದಿನ ಗಾಜನ್ನು ಕೂಡಿಸಿ ಮೇಲ್ಚಾವಣಿ ಮುಚ್ಚುವುದು. ಮತ್ತು ಹಿಂದಿನ ಬಾಗಿಲಿನ ಈ ಹಿಡಿಕೆ. ಫೋಟೋದಲ್ಲಿ ಆ ಹಿಡಿಕೆ ಕಾಣುತ್ತಿರಲಿಲ್ಲ. ಅದಕ್ಕೆ ಅಡ್ಡವಾಗಿ ಅವಳು ಒರಗಿ ನಿಂತಿದ್ದಳು.

ಎಷ್ಟೋ ಸಲ ಭೂತಗನ್ನಡಿ ಹಿಡಿದು ಅವಳ ಸೊಂಟದ ಅಂಚಿನಲ್ಲಿ ಅದರ ತುದಿಯಾದರೂ ಇಣುಕೀತೇ ಎಂದು ಹುಡುಕಿದ್ದ. ಒಮ್ಮೆ ಬೇಸರದಲ್ಲಿ, ಸ್ವಲ್ಪ ಈ ಕಡೆ ನಿಂತಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದೂ ಅಂದುಕೊಂಡಿದ್ದ.

“ಸಿಗ್ತಾ?”

“ಇಲ್ಲ.”

“ಕಾಲು ಎತ್ಲಾ?”

ಅವನು ಎದ್ದ. ಅವಳು ಮೇಜಿನ ಹತ್ತಿರ ಬಂದು, ತಟ್ಟೆಯಲ್ಲಿದ್ದ ಮುಂದಿನ ಗಾಜನ್ನು ಎತ್ತಿಕೊಂಡಳು. ಅಂಗಿಯ ಡಬ್ಬಿಯ ಪಾರದರ್ಶಕ ಮುಚ್ಚಳದಿಂದ ಕತ್ತರಿಸಿದ, ಎರಡು ಬೆರಳಗಲದ ಚೂರು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಕಣ್ಣಿಗಡ್ಡ ಇಟ್ಟುಕೊಂಡು ಅವನನ್ನು ನೋಡಿದಳು.

“ಇದರೊಳಗಿಂದ ನೀವು ಚೆನ್ನಾಗಿ ಕಾಣ್ತೀರಿ.”

“ಮುಟ್ಟಬೇಡ ಅದನ್ನ! ಬೆರಳಿನ ಜಿಡ್ಡು ಹತ್ತುತ್ತೆ.”

ಅವಳು ಅದನ್ನು ತಟ್ಟೆಯಲ್ಲಿಟ್ಟಳು. ಗಾಜಿನ ವಿಷಯದಲ್ಲಿ ಅವನು ಕಟ್ಟುನಿಟ್ಟು. ಕೂಡಿಸುವ ಮುಂಚೆ ಎರಡೂ ಮಗ್ಗುಲು ಒರೆಸಬೇಕು. ಬಿಳಿ ಅಂಟನ್ನೇ ಹಾಕಬೇಕು. ಅದು ಒಣಗಲು ಒಂದು ರಾತ್ರಿ ಹಿಡಿಯುತ್ತದೆ, ಹಿಡಿಯಲಿ. ಕ್ಷಣದಲ್ಲಿ ಕಚ್ಚಿಕೊಳ್ಳುವ ಅಂಟು ಇನ್ನೊಂದಿದೆ, ಆದರೆ ಅದರ ಆವಿ ಗಾಜಿನ ಹತ್ತಿರ ಸುಳಿಯಬಾರದು. ಸುಳಿದರೆ ಬಿಳಿಯ ಪೊರೆ ಕಟ್ಟುತ್ತದೆ. ಬೆರಳಿನ ಜಿಡ್ಡು ಎಲ್ಲಿರುತ್ತದೋ ಅಲ್ಲೇ ಮೊದಲು.

“ಸಂಜೆ ತಮ್ಮ ಗಾಡಿ ತರ್ತಾನೆ,” ಎಂದಳು.

“ಗೊತ್ತು.”

“ನೀವು ಇನ್ನೂ ಏನೂ ಹೇಳಿಲ್ಲ.”

ಅವನು ಚಿಮಟದ ತುದಿಯನ್ನು ಒರೆಸಿದ. ಅವಳು ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಮೇಷ್ಟ್ರಮ್ಮ. ದೂರದ ಗುಡ್ಡದೂರೊಂದರಲ್ಲಿ ಅಂಥದೇ ಶಾಲೆಗೆ ಅವಳನ್ನು ಮುಖ್ಯಸ್ಥೆಯಾಗಿ ಕರೆದಿದ್ದರು. ಇರಲು ಮನೆಯನ್ನೂ ಕೊಟ್ಟಿದ್ದರು. ಮೊದಲು ಹೇಳಿದಾಗ ಅವನು ನೋಡೋಣ ಅಂದಿದ್ದ. ಒಪ್ಪಿಕೊಳ್ಳಲಾ ಎಂದು ಕೇಳಿದಾಗಲೂ, ಪೆಟ್ಟಿಗೆ ಕಟ್ಟಲು ಹಗ್ಗ ಬೇಕು ಎಂದಾಗಲೂ.

“ಹೋಗು ಅನ್ನಿ. ಬೇಡ ಅನ್ನಿ. ನಾನೂ ಬರ್ತೀನಿ ಅನ್ನಿ. ಯಾವುದಾದ್ರೂ ಒಂದು. ಏನಂದ್ರೂ ಕೇಳ್ತೀನಿ. ನೋಡೋಣ ಅಂತ ಮಾತ್ರ ಅನ್ಬೇಡಿ.”

ಅವನ ನಾಲಿಗೆಯ ತುದಿಗೆ ಬಂದದ್ದು ಅದೇ ಮಾತು. ನುಂಗಿಕೊಂಡ.

“ಆಫೀಸಿಗೆ ಹೊತ್ತಾಯ್ತು,” ಎಂದ.

*

ನಕ್ಷೆಗಳ ಕಚೇರಿಯಲ್ಲಿ ಅವನದು ತಪ್ಪು ಹುಡುಕುವ ಕೆಲಸ. ಬೆಟ್ಟಗುಡ್ಡಗಳನ್ನು ಹಾಳೆಯ ಮೇಲೆ ತೋರಿಸುವುದು ಗೆರೆಗಳಿಂದ. ಒಂದೇ ಎತ್ತರದ ಜಾಗಗಳನ್ನೆಲ್ಲ ಕೂಡಿಸಿದರೆ ಒಂದು ಗೆರೆ, ಅದರ ಮೇಲಿನ ಎತ್ತರಕ್ಕೆ ಅದರೊಳಗೆ ಇನ್ನೊಂದು. ಉಂಗುರದೊಳಗೆ ಉಂಗುರ, ನಡುವೆ ನೆತ್ತಿ. ಒಂದು ಗೆರೆ ಇನ್ನೊಂದನ್ನು ಮುಟ್ಟಬಾರದು. ಮುಟ್ಟಿದ್ದರೆ ಕೆಂಪು ಸೀಸದಕಡ್ಡಿಯಲ್ಲಿ ಸುತ್ತು ಹಾಕಿ ಹಿಂದಕ್ಕೆ ಕಳಿಸಬೇಕು. ಇದಕ್ಕಾಗಿ ಅವನು ಗಣಿತದಲ್ಲಿ ದೊಡ್ಡ ಪದವಿಯನ್ನೇ ಪಡೆದಿದ್ದ. ಎಷ್ಟು ಬೆಟ್ಟಗಳನ್ನು ತಿದ್ದಿರಬಹುದು? ಒಂದನ್ನೂ ಹತ್ತಿರಲಿಲ್ಲ.

ಅಂದು ಬಂದವನೇ ಕಪಾಟಿನಿಂದ ಹಳೆಯದೊಂದು ಹಾಳೆ ತೆಗೆದು ಹರಡಿದ. ಅವಳು ಹೋಗಲಿರುವ ಊರು. ಗೆರೆಗಳು ಒತ್ತೊತ್ತಾಗಿದ್ದವು, ಕಡಿದಾದ ಗುಡ್ಡ. ನೆತ್ತಿಯ ಕೆಳಗೆ ಕಪ್ಪು ಚೌಕ, ಅದು ಶಾಲೆ. ಮೂಲೆಯಲ್ಲಿ ಪರಿಶೀಲಿಸಿದವರ ಸಹಿ ಅವನದೇ. ಎಂದು ಹಾಕಿದನೋ ನೆನಪಿರಲಿಲ್ಲ. ಆ ಚೌಕದಲ್ಲಿ ಅವಳ ಮನೆಯಿರುತ್ತದೆ, ಮನೆಗೊಂದು ಕಿಟಕಿಯಿರುತ್ತದೆ. ಭೂತಗನ್ನಡಿ ತಂದು ಇಟ್ಟ. ಚೌಕ ದೊಡ್ಡದಾಯಿತು. ಕಪ್ಪಾಗಿಯೇ ಇತ್ತು.

“ಮನೆಯವರು ಇವತ್ತೇ ಹೊರಡೋದಂತೆ?”

ಪಕ್ಕದ ಮೇಜಿನ ದಿಕ್ಸೂಚಿ. ಸಾಹೇಬರು ಯಾವ ಬಾಗಿಲಿನಿಂದ ಬರುತ್ತಾರೆಂಬುದು ಅವರಿಗಿಂತ ಮೊದಲು ಇವನಿಗೆ ತಿಳಿಯುತ್ತದೆಂದು ಕಚೇರಿಯವರು ಇಟ್ಟ ಹೆಸರು.

“ಹ್ಞೂಂ.”

“ನೀವು?”

“ನೋಡೋಣ.”

“ಪುಣ್ಯವಂತರು ಬಿಡಿ ಸಾರ್. ನಮ್ಮವಳು ತವರಿಗೆ ಹೋಗ್ತೀನಿ, ಹೋಗ್ತೀನಿ ಅಂತ ಹೆದರಿಸಿದ್ದೇ ಬಂತು. ಒಂದು ದಿನ ಹೋಗಿ ತೋರಿಸಲಿಲ್ಲ.” ದಿಕ್ಸೂಚಿ ಹಾಳೆಯ ಮೇಲೆ ಬಗ್ಗಿದ. “ಇದು ಯಾವತ್ತೋ ಮುಗಿದಿದ್ದಲ್ವಾ? ಮತ್ಯಾಕೆ ತೆಗೆದ್ರಿ?”

“ಸುಮ್ಮನೆ. ತಪ್ಪಿದೆಯಾ ಅಂತ.”

“ಇದೆಯಾ?”

“ಇಲ್ಲ.”

“ಅಯ್ಯೋ, ಹೋಗಿ ನೋಡ್ಕೊಂಡು ಬನ್ನಿ ಸಾರ್. ಕಾಗದದಲ್ಲಿ ಏನು ಸಿಗುತ್ತೆ, ಧೂಳು.”

ದಿಕ್ಸೂಚಿ ನಕ್ಕು, ಸಾಹೇಬರು ಬರುವ ಹೊತ್ತಾಯಿತೆಂದು ತನ್ನ ಮೇಜಿಗೆ ಸರಿದ.

ಚಿಕ್ಕಂದಿನಲ್ಲಿ ಅಜ್ಜಿ ಒಬ್ಬ ರಾಕ್ಷಸನ ಕಥೆ ಹೇಳುತ್ತಿದ್ದಳು. ಅವನು ತನ್ನ ಜೀವವನ್ನು ಸಮುದ್ರದಾಚೆಯ ಮರದ ಪೊಟರೆಯಲ್ಲಿ, ಒಂದು ಹಕ್ಕಿಯ ಗಂಟಲಲ್ಲಿ ಅಡಗಿಸಿಟ್ಟಿದ್ದ. ಕೇಳುತ್ತಿದ್ದ ಮಕ್ಕಳೆಲ್ಲ ಹಕ್ಕಿಯನ್ನು ಹುಡುಕುವ ರಾಜಕುಮಾರನ ಹಿಂದೆ ಓಡುತ್ತಿದ್ದರು. ಇವನೊಬ್ಬ ಮಾತ್ರ ಕೇಳಿದ್ದ: ಜೀವವನ್ನು ಅಲ್ಲಿಟ್ಟ ಮೇಲೆ ರಾಕ್ಷಸ ಇಡೀ ದಿನ ಏನು ಮಾಡ್ತಿದ್ದ ಅಜ್ಜಿ? ಅಜ್ಜಿ ನಕ್ಕು ಅವನ ತಲೆ ನೇವರಿಸಿದ್ದಳು.

ಬಹುಶಃ ಕಚೇರಿಗೆ ಹೋಗುತ್ತಿದ್ದ.

ಮಧ್ಯಾಹ್ನ ತಲೆನೋವೆಂದು ಹೇಳಿ ಹೊರಟ. ಬಸ್ಸಿನಲ್ಲಿ, ಕಿಟಕಿಯ ಪಕ್ಕ, ತುಟಿ ಅಲುಗದಂತೆ ಅಭ್ಯಾಸ ಮಾಡಿದ. ಹೋಗು. ಹೋಗಬೇಡ. ನಾನೂ ಬರ್ತೀನಿ. ಮೂರೂ ನಿಜವೆನಿಸಿತು. ಮೂರನ್ನೂ ಬೇರೆ ಯಾರೋ ಹೇಳುತ್ತಿರುವಂತೆಯೂ ಅನಿಸಿತು. ಬಸ್ಸು ಇಳಿಯುವಾಗ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡ: ನಾನೂ ಬರ್ತೀನಿ. ಬಿಸಿ ಲೋಟ ಹಿಡಿದವನಂತೆ ಅದನ್ನು ಚೆಲ್ಲದೆ ಮೆಟ್ಟಿಲು ಹತ್ತಿದ.

*

ಮೇಜಿನ ಮೇಲೆ, ಅಂಟಿನ ಶೀಸೆಯ ಮುಚ್ಚಳದೊಳಗೆ, ಬೆಳಿಗ್ಗೆ ಕಳೆದುಹೋದ ಹಿಡಿಕೆ ಇತ್ತು.

“ಕಸಾನೆಲ್ಲ ಕಾಗದದ ಮೇಲೆ ಹರಡಿ ಹುಡುಕಿದೆ,” ಎಂದಳು ಅವಳು ಬಾಗಿಲಲ್ಲಿ ನಿಂತು. “ಬೇಗ ಬಂದ್ರಿ.”

“ಹ್ಞೂಂ. ನಿನ್ನ ಹತ್ರ ಒಂದು ಮಾತು...”

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದು ಪೆಟ್ಟಿಗೆಯ ಮೇಲೆ ಕೂತಳು. ಅವಳ ಮುಖ ಶಾಲೆಯಲ್ಲಿರುವಾಗಿನ ಮುಖವಾಯಿತು. ಕಿವಿ ಕೇಳದ ಮಗುವೊಂದು ತೊದಲಲು ಬಾಯಿ ತೆರೆದಾಗ ಅದರ ತುಟಿಯನ್ನೇ ನೋಡುತ್ತ ಕಾಯುವ ಮುಖ. ಅವನು ಒಮ್ಮೆ ಅಲ್ಲಿಗೆ ಹೋಗಿದ್ದಾಗ ಕಂಡಿದ್ದ. ಅಷ್ಟು ತಾಳ್ಮೆಯ ಎದುರು ನಿಲ್ಲಲಾಗದೆ ಹೊರಗೆ ಬಂದಿದ್ದ.

“ಹೇಳಿ.”

ಅವನು ಅವಳ ಕಣ್ಣು ತಪ್ಪಿಸಿ ಮೇಜಿನ ಕಡೆ ನೋಡಿದ. ಫೋಟೋ ಅಲ್ಲೇ ಇತ್ತು. ಕೈ ತಾನಾಗಿ ಅದನ್ನು ಎತ್ತಿಕೊಂಡಿತು.

“ಈ ಹಿಡಿಕೆ... ನೀನು ಒರಗಿದೀಯಲ್ಲ, ಆ ಬಾಗಿಲಿಂದು. ಅದರ ತುದಿ ಮುಂದಕ್ಕಿತ್ತೋ ಹಿಂದಕ್ಕೋ?”

ಎಲ್ಲೋ ಕೆಳಗಿನ ಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು. ಯಾರೋ ನಿಲ್ಲಿಸಿದರು.

“ಹಿಂದಕ್ಕೆ,” ಎಂದಳು.

“ಖಂಡಿತಾನಾ?”

“ಬೆನ್ನಿಗೆ ಚುಚ್ತಿತ್ತಲ್ಲ. ತಿರುಪು ಸಡಿಲ ಆಗಿ ಕೆಳಕ್ಕೆ ಜೋತುಬಿದ್ದಿತ್ತು. ಚುಚ್ಚುತ್ತೆ ಅಂದೆ. ನೀವು ನನ್ನ ಬೆನ್ನ ಹಿಂದೆ ಕೈ ತೂರಿಸಿ ಅದನ್ನ ಮುಚ್ಚಿ ಹಿಡ್ಕೊಂಡ್ರಿ.” ಫೋಟೋದತ್ತ ಬೆರಳು ತೋರಿದಳು. “ನೋಡಿ, ನಿಮ್ಮ ಒಂದು ಕೈ ಅದರಲ್ಲಿ ಕಾಣಲ್ಲ.”

ಅವನು ಫೋಟೋ ನೋಡಿದ. ಅವಳ ಪಕ್ಕದಲ್ಲಿ ಒಬ್ಬ ತೆಳ್ಳನೆಯ ತರುಣ ನಿಂತಿದ್ದ. ಇಷ್ಟು ದಿನ ಅವನನ್ನೂ ಅಡ್ಡ ನಿಂತವನೆಂದಷ್ಟೇ ಲೆಕ್ಕಕ್ಕೆ ಹಿಡಿದಿದ್ದ. ತರುಣನ ಎಡಗೈ ಭುಜದಿಂದ ಹೊರಟು ಅವಳ ಬೆನ್ನ ಹಿಂದೆ ಮಾಯವಾಗಿತ್ತು. ಇಬ್ಬರೂ ನಗುತ್ತಿದ್ದರು.

ಹಾಗಾದರೆ ಹಿಡಿಕೆಯ ಆಕಾರ ಈ ಕೈಗೆ ಗೊತ್ತಿತ್ತು. ಅವನು ಎಡಗೈಯನ್ನು ಮಡಚಿ, ಬಿಡಿಸಿ ನೋಡಿದ. ಏನೂ ನೆನಪಾಗಲಿಲ್ಲ.

“ಇಷ್ಟೇನಾ ಕೇಳ್ಬೇಕಾಗಿದ್ದು?”

“ಸದ್ಯಕ್ಕೆ ಇಷ್ಟೇ.”

“ಸರಿ,” ಎಂದು ಅವಳು ಎದ್ದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಪಾತ್ರೆಗಳಾದರೂ ಸದ್ದು ಮಾಡುತ್ತಿದ್ದವು. ಅಡುಗೆಮನೆಯಲ್ಲಿ ಅವಳು ಲೋಟಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತುವ ಮೆತ್ತನೆಯ ಸಪ್ಪಳ ಬಹಳ ಹೊತ್ತು ಕೇಳಿಸುತ್ತಿತ್ತು.

*

ಹಿಡಿಕೆಯ ತುದಿಯನ್ನು ಚಿಮಟದಲ್ಲಿ ಹಿಡಿದು, ಕೂದಲಿನಷ್ಟು ಕೆಳಕ್ಕೆ ಬಾಗಿಸಿದ. ಅರದ ಮೊನೆಯಿಂದ ಎರಡು ಸಲ ಸವರಿದ. ಅಂಟಿಸಿದ. ಉಳಿದ ಮೂರು ಹಿಡಿಕೆಗಳು ನೆಟ್ಟಗಿದ್ದವು. ಇದೊಂದು ದಣಿದವನ ಕೈಯಂತೆ ಜೋತುಬಿತ್ತು.

ಈಗ ಅದು ಆ ಕಾರೇ ಆಯಿತು.

ಅವನ ಎದೆ ಒಮ್ಮೆ ಹಗುರಾಯಿತು. ಇದನ್ನು ಅವಳ ಮುಂದೆ ಇಟ್ಟುಬಿಟ್ಟರೆ ಸಾಕಲ್ಲವೇ? ತನ್ನ ನಾಲಿಗೆ ಹೇಳಲಾರದ್ದನ್ನು ಇದು ಹೇಳುವುದಿಲ್ಲವೇ? ಈ ಜೋತುಬಿದ್ದ ಹಿಡಿಕೆ, ಅವಳ ಕೈಚೀಲದ ಸೀಟು. ಅವಳು ಮುಖ ನೋಡಿ ಮಾತು ಓದುವವಳು, ಇದನ್ನು ಓದಲಾರಳೇ? ಮುಗಿಸಬೇಕು. ಅವಳು ಹೊರಡುವ ಮುಂಚೆ ಪೂರ್ತಿ ಮುಗಿಸಿ ಕೊಡಬೇಕು.

ಕತ್ತು ಹಿಡಿದುಕೊಂಡಿತ್ತು. ಇರುವೆಗೆ ಕಾಲು ಜೋಡಿಸಿದ ದೇವರಿಗೂ ಹೀಗೇ ಕತ್ತು ನೋಯುತ್ತಿತ್ತೇ ಎಂಬ ಯೋಚನೆ ಬಂತು. ನೋಯುತ್ತಿತ್ತೇನೋ. ಆದರೆ ಜೋಡಿಸಿದ ಮೇಲೆ ಅವನು ಇರುವೆಯನ್ನು ನಡೆಯಲು ಬಿಟ್ಟ.

ಬೀದಿಯಲ್ಲಿ ಹಾರ್ನ್ ಕೇಳಿಸಿತು.

ಗಾಜನ್ನು ಎತ್ತಿ ಹೊರಮಗ್ಗುಲನ್ನು ಬಟ್ಟೆಯಿಂದ ಒರೆಸಿದ. ಮೆಟ್ಟಿಲ ಮೇಲೆ ಹೆಜ್ಜೆ. ಬಿಳಿ ಅಂಟಿನ ಶೀಸೆಯತ್ತ ಹೋದ ಕೈ ನಿಂತಿತು. ಅದಕ್ಕೆ ರಾತ್ರಿಯೆಲ್ಲ ಬೇಕು. ಪಕ್ಕದಲ್ಲೇ ಇನ್ನೊಂದು ಅಂಟಿತ್ತು. ಇಷ್ಟು ದಿನ ಮಾಡದ ತಪ್ಪು. ಗೊತ್ತಿದ್ದೂ ಗೊತ್ತಿದ್ದೂ ಅದನ್ನೇ ಎತ್ತಿಕೊಂಡ. ಸುತ್ತಲೂ ಒಂದೆಳೆ ಎಳೆದು ಗಾಜನ್ನು ಒತ್ತಿದ. ಕಚ್ಚಿಕೊಂಡಿತು. ಅದರ ಮೇಲೆ ಚಾವಣಿ ಇಟ್ಟು, ಅದಕ್ಕೂ ಅದೇ ಅಂಟು. ಕಣ್ಣು ಉರಿಯಿತು.

“ಭಾವಾ! ಏನು ತಪಸ್ಸು?”

ಹೆಂಡತಿಯ ತಮ್ಮ. ಒಳಗೆ ಬಂದರೆ ಕೋಣೆ ಚಿಕ್ಕದಾಗುವಂಥ ಆಳು. ಅಂದು ಆ ಕಾರಿನಲ್ಲಿ ಅಕ್ಕನ ಜೊತೆ ಬಂದಿದ್ದ ಚೋಟುದ್ದದ ಹುಡುಗ ಇವನೇ. ಫೋಟೋ ತೆಗೆದವನೂ ಇವನೇ.

“ಅರೆರೆ, ಅದೇ ಕಾರು!” ಅವನು ಬಗ್ಗಿ ಕಿಟಕಿಯೊಳಗೆ ಇಣುಕಿದ. “ಎಲ್ಲಾ ಸರಿ, ಹಿಂದಿನ ಸೀಟಲ್ಲಿ ನಾನು ವಾಂತಿ ಮಾಡಿದ್ದೆನಲ್ಲ, ಅದೆಲ್ಲಿ? ಅದನ್ನ ಬಿಟ್ಟುಬಿಟ್ರಲ್ಲ ಭಾವ. ಅಕ್ಕಾ, ಇಲ್ಲಿ ಬಾ, ಭಾವ ನಮ್ಮನ್ನೆಲ್ಲ ಇಳಿಸಿ ಬರೀ ಗಾಡಿ ಮಾಡಿಟ್ಟಿದಾರೆ.”

“ಪೆಟ್ಟಿಗೆ ಎತ್ಕೋ ಮೊದಲು,” ಎಂದಿತು ಅಡುಗೆಮನೆಯ ದನಿ.

ಮೈದುನ ಪೆಟ್ಟಿಗೆಗಳನ್ನು ಹೊತ್ತೊಯ್ದ. ಕೊನೆಯದನ್ನು ಹೊರುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದ. “ಮುಂದೆ ಒಂದು ಜಾಗ ಇದೆ ಭಾವ. ನೀವೂ ಕೂತ್ಕೋಬಹುದು. ಒಂದು ಜೊತೆ ಬಟ್ಟೆ ಹಾಕ್ಕೊಂಡ್ರೆ ಆಯ್ತು.”

“ಅಂಟು ಒಣಗಬೇಕು,” ಎಂದ ಅವನು.

“ಏನು?”

“ಇದರ ಅಂಟು. ಈಗಷ್ಟೇ ಹಚ್ಚಿದೀನಿ.”

ಮೈದುನ ಅವನ ಮುಖವನ್ನೊಮ್ಮೆ, ಕಾರನ್ನೊಮ್ಮೆ ನೋಡಿ, ಪೆಟ್ಟಿಗೆಯನ್ನು ಹೆಗಲಿಗೇರಿಸಿ ಇಳಿದುಹೋದ.

ಅವಳು ಬಂದಳು. ಹೊರಡುವ ಸೀರೆಯುಟ್ಟಿದ್ದಳು. ಮೇಜಿನ ಮುಂದೆ ಕೂತು ಮುಖವನ್ನು ಕಾರಿನ ಮಟ್ಟಕ್ಕೆ ಇಳಿಸಿದಳು. ಹಿಂದಿನ ಬಾಗಿಲಿನ ಹಿಡಿಕೆಯನ್ನು ಉಗುರಿನ ತುದಿಯಿಂದ ಸವರಿದಳು. ಅವನು ಮುಟ್ಟಬೇಡ ಅನ್ನಲಿಲ್ಲ.

“ಹಾಗೇ ಇದೆ,” ಎಂದಳು.

ಈಗ. ಈಗ ಹೇಳಬೇಕು. ಅಥವಾ ಎತ್ತಿ ಅವಳ ಕೈಗಿಡಬೇಕು.

“ಬಾಗಿಲು ತೆಗೆಯುತ್ತಾ?”

“ಇಲ್ಲ,” ಎಂದ. ದನಿಯಲ್ಲಿ ಹುರುಪು ಬಂದದ್ದು ಅವನಿಗೇ ತಿಳಿಯಿತು. ಇಂಥ ಪ್ರಶ್ನೆಗಳಿಗೆ ಅವನ ಬಳಿ ಉತ್ತರವಿತ್ತು. “ಬಾಗಿಲು ಅಂದ್ರೆ ಬರೀ ಗೀರು. ತೆಗೆಯೋ ಹಾಗೆ ಮಾಡಿದ್ರೆ ಸಂದು ದಪ್ಪ ಕಾಣುತ್ತೆ. ಅಳತೆ ಕೆಡುತ್ತೆ. ಹೊರಗಿಂದ ನೋಡೋಕೆ ಇದೇ ಸರಿ.”

ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತು ಅವನ ತುಟಿಗಳನ್ನೇ ನೋಡಿದಳು. ಆಮೇಲೆ ಮಂಡಿಗೆ ಕೈಯೂರಿ ಎದ್ದಳು.

“ಹಾಲಿನವನಿಗೆ ಹೇಳಿದೀನಿ. ನಾಳೆಯಿಂದ ಅರ್ಧ ಸಾಕು ಅಂತ.”

“ಹ್ಞೂಂ.”

“ಕಿಟಕಿ ತೆಗೀರಿ. ವಾಸನೆ.”

ಅವಳ ಹಿಂದೆಯೇ ಕೆಳಗಿಳಿದ. ಗಾಡಿ ಹೊರಟಾಗ ಅವಳು ಕಿಟಕಿಯಿಂದ ಕೈ ಹೊರಗಿಟ್ಟಳು. ಬೀಸುವ ಕೈಯಂತೆ ಮೇಲೆದ್ದದ್ದು, ಶಾಲೆಯ ರೂಢಿಯಿಂದಲೋ ಏನೋ, ನಡುವೆ ಬೆರಳು ಮಡಚಿ ಬೇರೇನೋ ಒಂದು ಮಾತಾಯಿತು. ಬರುತ್ತೇನೆ ಎಂದೋ, ಬಾ ಎಂದೋ, ಸಾಕು ಎಂದೋ. ಆ ಕೈಮಾತು ಅವನಿಗೆ ಬರುತ್ತಿರಲಿಲ್ಲ. ಕಲಿಸಲಾ ಎಂದು ಅವಳು ಒಮ್ಮೆ ಕೇಳಿದ್ದಳು.

ನೋಡೋಣ ಅಂದಿದ್ದ.

*

ಮೆಟ್ಟಿಲು ಹತ್ತಿ ಬಂದಾಗ ಕೋಣೆಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಪೆಟ್ಟಿಗೆಗಳಿದ್ದ ಜಾಗದಲ್ಲಿ ನೆಲ ಚೌಕ ಚೌಕವಾಗಿ ಶುಭ್ರವಾಗಿತ್ತು. ಈಗ ಎಲ್ಲಿ ಬೇಕಾದರೂ ಕಾಲಿಡಬಹುದು. ಫ್ಯಾನು ಹಾಕಬಹುದು. ಬಾಗಿಲನ್ನು ದಢಾರನೆ ಮುಚ್ಚಿದರೂ ಕೇಳುವವರಿಲ್ಲ. ಅವನು ತುದಿಗಾಲಿನಲ್ಲಿ ನಡೆದು ಕಿಟಕಿ ತೆರೆದ.

ಕುರ್ಚಿಯಲ್ಲಿ ಕೂತು ಕಾರನ್ನು ನೋಡಿದ.

ಗಾಜು ಬೆಳ್ಳಗಾಗುತ್ತಿತ್ತು.

ಬಟ್ಟೆ ತೆಗೆದುಕೊಂಡು ಒರೆಸಿದ. ಹೋಗಲಿಲ್ಲ. ಉಸಿರು ಊದಿ ಒರೆಸಿದ. ಪೊರೆ ಒಳಗಿನಿಂದ ಕಟ್ಟುತ್ತಿತ್ತು. ಗಾಜು, ಚಾವಣಿ ಎರಡೂ ಕಚ್ಚಿಕೊಂಡಿದ್ದವು; ಬಾಗಿಲುಗಳು ಗೀರುಗಳಾಗಿದ್ದವು. ಸೀಟುಗಳು ಮಸುಕಾದವು, ಸ್ಟೀರಿಂಗ್ ಚಕ್ರ ಮುಳುಗಿತು. ಚಳಿಗಾಲದಲ್ಲಿ ಮುಚ್ಚಿದ ಗಾಡಿಯೊಳಗೆ ಯಾರೋ ಬಹಳ ಹೊತ್ತು ಕೂತು ಉಸಿರಾಡಿದಂತೆ ಕಾಣುತ್ತಿತ್ತು.

ಮುಂದಿನ ಗಾಜಿನ ಒಂದು ಬದಿಯಲ್ಲಿ ಆ ಬಿಳುಪು ಹೆಪ್ಪುಗಟ್ಟಿ, ಮೆಲ್ಲಗೆ ಒಂದು ಆಕಾರಕ್ಕೆ ಬಂತು. ಮೊದಲು ಮೊಟ್ಟೆಯಾಕಾರದ ಒಂದು ಕಲೆ. ಆಮೇಲೆ ಅದರೊಳಗೆ ಗೆರೆ. ಗೆರೆಯೊಳಗೆ ಗೆರೆ.

ಬೆಳಿಗ್ಗೆ ಗಾಜು ಹಿಡಿದಿದ್ದ ಅವಳ ಹೆಬ್ಬೆರಳಿನ ಗುರುತು.

ಅವನು ಭೂತಗನ್ನಡಿ ಎತ್ತಿಕೊಂಡ. ಗೆರೆಗಳು ಸುತ್ತಿ ಸುತ್ತಿ ಮೇಲೇರಿ, ಒತ್ತೊತ್ತಾಗಿ, ನಡುವೆ ಒಂದು ಸಣ್ಣ ನೆತ್ತಿಯನ್ನು ಸುತ್ತುವರಿದಿದ್ದವು. ಕಡಿದಾದ ಗುಡ್ಡ. ಅವನ ಕೈ, ರೂಢಿಯಂತೆ, ಕೆಂಪು ಸೀಸದಕಡ್ಡಿಗಾಗಿ ಮೇಜಿನ ಮೇಲೆ ತಡವರಿಸಿತು. ಹೊರಗಿನ ಗೆರೆಯಿಂದ ಶುರುಮಾಡಿ ಒಂದೊಂದನ್ನೇ ಸುತ್ತು ಬಂದ. ಬೆಳಕು ಕಡಿಮೆಯಾದಂತೆ ಇನ್ನಷ್ಟು ಬಗ್ಗಿದ, ಮೂಗು ಗಾಜಿಗೆ ತಾಕುವವರೆಗೆ.

ತಪ್ಪಿರಲಿಲ್ಲ. ಒಂದು ಗೆರೆಯೂ ಇನ್ನೊಂದನ್ನು ಮುಟ್ಟಿರಲಿಲ್ಲ.